ಶಿಶುವಿಹಾರದ ಬಾಗಿಲಲ್ಲಿ ಲ್ಯಾಟಿನಾ ತಾಯಿ

ಸ್ಪ್ಯಾನಿಷ್ ಭಾಷೆಯಲ್ಲಿ 'ಎದುಕಾಸಿಯೋನ್' ಎಂಬ ಪದವೊಂದಿದೆ. ನಿಘಂಟು ಅದಕ್ಕೆ ಶಿಕ್ಷಣವೆಂದು ಅರ್ಥ ಬರೆದು ಮುಂದೆ ಸಾಗುತ್ತದೆ. ಆದರೆ ಮೆಕ್ಸಿಕೋದಿಂದಲೋ ಗ್ವಾಟೆಮಾಲಾದಿಂದಲೋ ಅಮೆರಿಕಕ್ಕೆ ಬಂದು ನೆಲೆಸಿದ ತಾಯಿಯ ಬಾಯಲ್ಲಿ ಆ ಪದದ ವ್ಯಾಪ್ತಿ ಹಿರಿದು. ಹಿರಿಯರ ಮುಂದೆ ವಿನಯದಿಂದ ನಡೆಯುವುದು, ಮನೆಗೆ ಬಂದವರಿಗೆ ವಂದಿಸುವುದು, ಒಡಹುಟ್ಟಿದವರನ್ನು ನೋಡಿಕೊಳ್ಳುವುದು, ಎಲ್ಲವೂ ಅದರೊಳಗೆ ಸೇರಿವೆ. ಬಹಳ ಓದಿದವನೂ ನಡತೆ ಸರಿಯಿಲ್ಲದಿದ್ದರೆ 'ಮಾಲ್ ಎದುಕಾದೋ' ಎನಿಸಿಕೊಳ್ಳುತ್ತಾನೆ. ಅಂದರೆ ಸಂಸ್ಕಾರ ಸಾಲದವನು.

ಆದುದರಿಂದ ಮೂರು ನಾಲ್ಕು ವರ್ಷದ ಮಗುವಿಗೆ ಶಿಶುವಿಹಾರವನ್ನು ಹುಡುಕುವಾಗ ಆಕೆಯ ಕಣ್ಣು ಮೊದಲು ಹರಿಯುವುದು ಉಪಾಧ್ಯಾಯಿನಿಯ ಕಡೆಗೆ. ಮಗುವನ್ನು ಅಕ್ಕರೆಯಿಂದ ಕರೆಯುತ್ತಾಳೆಯೇ? ತಾಯಿ ಬಂದಾಗ ನಿಂತು ಎರಡು ಮಾತನಾಡುತ್ತಾಳೆಯೇ? ಈ ಭರವಸೆಗೆ ಅವರು 'ಕೊನ್‌ಫಿಯಾನ್ಸಾ' ಎನ್ನುತ್ತಾರೆ. ಅದು ಮೂಡದಿದ್ದರೆ ಗೋಡೆಯ ಮೇಲಿನ ಬಣ್ಣದ ಚಿತ್ರಗಳು ಆಕೆಯನ್ನು ಒಲಿಸಲಾರವು. ಅಕ್ಷರ, ಅಂಕಿ, ಇಂಗ್ಲಿಷುಗಳೂ ಆಕೆಗೆ ಬೇಕು. ಅವು ಬೇಡವೆನ್ನುವ ವಲಸಿಗ ತಾಯಿ ಅಪರೂಪ.

ಸಂಕಟವಿರುವುದು ಭಾಷೆಯಲ್ಲಿ. ಬರ್ಕ್‌ಲಿಯ ವಿದುಷಿ ಲಿಲಿ ವಾಂಗ್ ಫಿಲ್‌ಮೋರ್ 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ತೀರ ಎಳವೆಯಲ್ಲಿ ಇಂಗ್ಲಿಷ್ ಶಿಶುವಿಹಾರ ಸೇರಿದ ವಲಸಿಗರ ಮಕ್ಕಳಲ್ಲಿ ಅನೇಕರು ಮನೆಮಾತನ್ನು ಕೈಬಿಡುತ್ತಿದ್ದರು. ಇಂಗ್ಲಿಷ್ ಬಾರದ ತಾಯ್ತಂದೆಯರಿಗೆ ಸ್ವಂತ ಮಕ್ಕಳೊಡನೆ ಮನಬಿಚ್ಚಿ ಮಾತನಾಡುವ ದಾರಿಯೇ ಮುಚ್ಚುತ್ತಿತ್ತು. ಅಜ್ಜಿಯ ಜೊತೆ ಕುಳಿತು ಸ್ಪ್ಯಾನಿಷಿನಲ್ಲಿ ಜಪಸರ ಹೇಳುತ್ತಿದ್ದ ಮಗು ಆ ಮಾತನ್ನೇ ಮರೆತರೆ ಅಜ್ಜಿ ಯಾರೊಡನೆ ಪ್ರಾರ್ಥಿಸಬೇಕು? (ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್ ಎಂಬ ನಮ್ಮ ಕುಟುಂಬಗಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.) ಬಡ ಕುಟುಂಬಗಳ ಮಕ್ಕಳಿಗಾಗಿ 1965ರಲ್ಲಿ ಅಮೆರಿಕ ಸರಕಾರವು ಆರಂಭಿಸಿದ 'ಹೆಡ್ ಸ್ಟಾರ್ಟ್' ಯೋಜನೆಯ 2016ರ ನಿಯಮಾವಳಿಯು ಈ ವಿಷಯದಲ್ಲಿ ಮೆಚ್ಚತಕ್ಕದ್ದು. ತರಗತಿಯ ಬಹುಪಾಲು ಮಕ್ಕಳು ಒಂದೇ ಭಾಷೆಯವರಾಗಿದ್ದರೆ ಆ ಭಾಷೆ ಬಲ್ಲವರು ಸಿಬ್ಬಂದಿಯಲ್ಲಿ ಒಬ್ಬರಾದರೂ ಇರಬೇಕೆಂದು ಅದು ವಿಧಿಸಿತು.

ಲ್ಯಾಟಿನಾ ತಾಯಂದಿರು ಮಕ್ಕಳನ್ನು ಅಜ್ಜಿಯ ಬಳಿಯೇ ಬಿಡಬಯಸುತ್ತಾರೆ, ಶಿಶುವಿಹಾರದ ಬೆಲೆ ಅರಿಯರು ಎಂಬ ಮಾತನ್ನು ಅಮೆರಿಕದಲ್ಲಿ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅದನ್ನು ನಾವು ಒಪ್ಪಲಾರೆವು. ನಸುಕಿನಲ್ಲಿ ಹೊಲಕ್ಕೋ ಹೋಟೆಲಿನ ಕೋಣೆಗಳನ್ನು ಶುಚಿಗೊಳಿಸುವುದಕ್ಕೋ ಹೊರಡುವ ತಾಯಿಗೆ ಮಧ್ಯಾಹ್ನವೇ ಬಾಗಿಲು ಹಾಕುವ ಶಿಶುವಿಹಾರದಿಂದ ಏನು ಪ್ರಯೋಜನ? ಹತ್ತಿರದಲ್ಲಿ ಸ್ಥಳವಿಲ್ಲ, ಇದ್ದರೆ ಶುಲ್ಕ ಎಟುಕದು. ಹಂಗಾಮಿಗೆ ತಕ್ಕಂತೆ ಊರೂರು ಅಲೆಯುವ ಕೃಷಿ ಕಾರ್ಮಿಕರ ಮಕ್ಕಳಿಗಾಗಿ 1969ರಲ್ಲಿ ಹೆಡ್ ಸ್ಟಾರ್ಟ್‌ನ ಪ್ರತ್ಯೇಕ ಶಾಖೆ ತೆರೆದುದು ಈ ಕಷ್ಟವನ್ನು ಅರಿತೇ.

ಇತ್ತೀಚೆಗೆ ಭಯವೂ ಬಂದು ಸೇರಿದೆ. 2025ರ ಜುಲೈಯಲ್ಲಿ ಅಮೆರಿಕದ ಆರೋಗ್ಯ ಇಲಾಖೆಯು, ದಾಖಲೆಪತ್ರಗಳಿಲ್ಲದ ವಲಸಿಗರಿಗೆ ಹೆಡ್ ಸ್ಟಾರ್ಟ್ ಸಲ್ಲದೆಂದು ಪ್ರಕಟಿಸಿತು. ಸೆಪ್ಟೆಂಬರಿನಲ್ಲಿ ನ್ಯಾಯಾಲಯಗಳು ಅದಕ್ಕೆ ತಡೆ ನೀಡಿದವು. ಆದರೂ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತ ತಾಯಿ ಉಪಾಧ್ಯಾಯಿನಿ ಒಳ್ಳೆಯವಳೇ ಎಂದು ಕೇಳುವ ಮೊದಲು, ಈ ಹಾಳೆ ಮುಂದೆ ಯಾರ ಕೈ ಸೇರುತ್ತದೆ ಎಂದು ಕೇಳುವಂತಾಗಿದೆ.