ಆಟಿಕೆ ಗನ್, ಅಸಲಿ ಅಬ್ಬರ: ಕಡಿಮೆ ಬಜೆಟ್ ಸಿನಿಮಾದಲ್ಲಿ ಗುಂಡು, ರಕ್ತ ಹುಟ್ಟುವುದು ಹೇಗೆ?

ಭಾನುವಾರದ ಮಧ್ಯಾಹ್ನ, ಅಪಾರ್ಟ್‌ಮೆಂಟ್ ತಾರಸಿ. ನಾಲ್ವರು ಗೆಳೆಯರು, ಒಂದು ಮೊಬೈಲ್, ಆಟಿಕೆ ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಪಿಸ್ತೂಲು. ‘ಆ್ಯಕ್ಷನ್’ ಎಂದೊಡನೆ ಒಬ್ಬ ಟ್ರಿಗರ್ ಒತ್ತುತ್ತಾನೆ, ಬಾಯಲ್ಲೇ ‘ಢಂ’ ಅನ್ನುತ್ತಾನೆ. ಎದುರಿಗಿದ್ದವನು ಎದೆ ಹಿಡಿದು ಬೀಳುತ್ತಾನೆ. ಅಕ್ಕಪಕ್ಕ ನಿಂತವರಿಗೆ ನಗು. ಅದೇ ದೃಶ್ಯ ಕೆಲವು ದಿನಗಳ ನಂತರ ಯೂಟ್ಯೂಬ್‌ಗೆ ಬಂದಾಗ ನಳಿಕೆಯ ತುದಿಯಲ್ಲಿ ಬೆಂಕಿ, ಗೋಡೆಯಿಂದ ಏಳುವ ಧೂಳು, ಅಂಗಿಯ ಮೇಲೆ ಹರಡುವ ಕೆಂಪು. ಈಗ ಯಾರೂ ನಗುವುದಿಲ್ಲ.

‘ಕೆಜಿಎಫ್ ಚಾಪ್ಟರ್ 2’ರಲ್ಲಿ ರಾಕಿ ಭಾಯ್ ‘ದೊಡ್ಡಮ್ಮ’ನನ್ನು ಹಿಡಿದು ಪೊಲೀಸ್ ಠಾಣೆಯನ್ನು ಪುಡಿಗಟ್ಟಿದ್ದನ್ನು ನೋಡಿದ ಮೇಲೆ ಅಂಥದ್ದೊಂದು ದೃಶ್ಯ ಮಾಡಬೇಕು ಎಂದು ಆಸೆಪಟ್ಟ ಹುಡುಗರಿಗೆ ಲೆಕ್ಕವಿಲ್ಲ. ಅವರ ಬಳಿ ಕೋಟಿಗಳಿಲ್ಲ, ಸಾಹಸ ನಿರ್ದೇಶಕರಿಲ್ಲ. ಆದರೆ ಇವತ್ತು ಒಂದು ಸಾಧಾರಣ ಕಂಪ್ಯೂಟರ್ ಮತ್ತು ಉಚಿತ ಸಾಫ್ಟ್‌ವೇರ್ ಇದ್ದರೆ ಗುಂಡಿನ ಚಕಮಕಿ ಅಸಾಧ್ಯವೇನಲ್ಲ. ಹಾಗಿದ್ದರೂ ಹೆಚ್ಚಿನ ಶಾರ್ಟ್ ಫಿಲಂಗಳಲ್ಲಿ ಗುಂಡು ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ಯಾಕೆ?

ನಿಜವಾದ ಗನ್ ಯಾಕೆ ಬೇಡ?

ದಶಕಗಳ ಕಾಲ ಸಿನಿಮಾದವರು ‘ಬ್ಲ್ಯಾಂಕ್’ ತೋಟಾ ಬಳಸುತ್ತಿದ್ದರು. ಅದರಲ್ಲಿ ಮದ್ದು ಇರುತ್ತದೆ, ಗುಂಡು ಇರುವುದಿಲ್ಲ. ಬೆಂಕಿ, ಸದ್ದು, ಹೊಗೆ ಎಲ್ಲ ನಿಜ. ಅಪಾಯವೂ ನಿಜ. 1984ರಲ್ಲಿ ಅಮೆರಿಕದ ನಟ ಜಾನ್-ಎರಿಕ್ ಹೆಕ್ಸಮ್ ಸೆಟ್‌ನಲ್ಲಿ ತಮಾಷೆಗೆಂದು ಬ್ಲ್ಯಾಂಕ್ ತುಂಬಿದ ಗನ್ ಅನ್ನು ಹಣೆಯ ಪಕ್ಕಕ್ಕಿಟ್ಟು ಒತ್ತಿದರು. ಗುಂಡಿಲ್ಲದಿದ್ದರೂ ಸ್ಫೋಟದ ಒತ್ತಡವೇ ತಲೆಬುರುಡೆ ಒಡೆಯಿತು. ಅವರು ಉಳಿಯಲಿಲ್ಲ.

1993ರ ಮಾರ್ಚ್ 31ರಂದು ಬ್ರೂಸ್ ಲೀ ಅವರ ಮಗ ಬ್ರಾಂಡನ್ ಲೀ ‘ದಿ ಕ್ರೋ’ ಚಿತ್ರೀಕರಣದಲ್ಲಿ ಗುಂಡು ತಗುಲಿ ಸತ್ತಾಗ ಅವರಿಗೆ 28 ವರ್ಷ. ಹಿಂದಿನ ದೃಶ್ಯವೊಂದಕ್ಕೆ ಬಳಸಿದ ನಕಲಿ ತೋಟಾದ ಗುಂಡಿನ ತುದಿ ನಳಿಕೆಯಲ್ಲೇ ಸಿಕ್ಕಿಕೊಂಡಿತ್ತು. ಅದು ಯಾರ ಗಮನಕ್ಕೂ ಬಂದಿರಲಿಲ್ಲ. ನಂತರ ಹಾರಿಸಿದ ಬ್ಲ್ಯಾಂಕ್ ಅದನ್ನು ನಿಜವಾದ ಗುಂಡಿನಂತೆ ಹೊರದಬ್ಬಿತು. 2021ರ ಅಕ್ಟೋಬರ್ 21ರಂದು ‘ರಸ್ಟ್’ ಚಿತ್ರದ ರಿಹರ್ಸಲ್‌ನಲ್ಲಿ ನಟ ಅಲೆಕ್ ಬಾಲ್ಡ್ವಿನ್ ಕೈಯಲ್ಲಿದ್ದ ರಿವಾಲ್ವರ್‌ನಿಂದ ನಿಜವಾದ ಗುಂಡೇ ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಪ್ರಾಣ ಕಳೆದುಕೊಂಡರು. ಬಾಲ್ಡ್ವಿನ್ ವಿರುದ್ಧದ ಪ್ರಕರಣವನ್ನು 2024ರಲ್ಲಿ ನ್ಯಾಯಾಲಯ ವಜಾ ಮಾಡಿತು. ಸೆಟ್‌ನ ಶಸ್ತ್ರಾಸ್ತ್ರಗಳ ಹೊಣೆ ಹೊತ್ತಿದ್ದವರಿಗೆ 18 ತಿಂಗಳ ಜೈಲು ಶಿಕ್ಷೆಯಾಯಿತು.

ಗಮನಿಸಿ, ಇವು ಯಾವುವೂ ಹವ್ಯಾಸಿಗಳ ಸೆಟ್‌ಗಳಲ್ಲ. ಸಂಬಳಕ್ಕೆ ತಜ್ಞರನ್ನು ಇಟ್ಟುಕೊಳ್ಳಬಲ್ಲ ನಿರ್ಮಾಣಗಳಲ್ಲೇ ಹೀಗಾಯಿತು. ‘ರಸ್ಟ್’ ದುರಂತದ ಬೆನ್ನಲ್ಲೇ ‘ದಿ ರೂಕಿ’ ಎಂಬ ಪೊಲೀಸ್ ಧಾರಾವಾಹಿಯ ತಂಡ ಇನ್ನು ಮುಂದೆ ಏರ್‌ಸಾಫ್ಟ್ ಆಟಿಕೆ ಗನ್ ಮಾತ್ರ, ಬೆಂಕಿ ಕಂಪ್ಯೂಟರ್‌ನಲ್ಲಿ ಎಂದು ಘೋಷಿಸಿತು. ಅಂದರೆ ತಾರಸಿಯ ಹುಡುಗರು ಬಡತನಕ್ಕೆ ಹಿಡಿದ ದಾರಿಯನ್ನೇ ದೊಡ್ಡವರು ಭದ್ರತೆಗಾಗಿ ಹಿಡಿದರು.

ಬೆಂಕಿಯ ಆಯಸ್ಸು ಒಂದೇ ಫ್ರೇಮ್

ಗನ್ ಸಿಡಿದಾಗ ನಳಿಕೆಯ ತುದಿಯಲ್ಲಿ ಕಾಣುವ ಬೆಂಕಿಗೆ ‘ಮಜಲ್ ಫ್ಲ್ಯಾಶ್’ ಎನ್ನುತ್ತಾರೆ. ನಿಜ ಜೀವನದಲ್ಲಿ ಅದು ಕೆಲವೇ ಮಿಲಿಸೆಕೆಂಡ್ ಇರುತ್ತದೆ. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಚಿತ್ರೀಕರಿಸಿದರೆ ಒಂದು ಫ್ರೇಮ್‌ನ ಅವಧಿ 40 ಮಿಲಿಸೆಕೆಂಡ್. ಅಂದರೆ ಬೆಂಕಿ ಒಂದು ಫ್ರೇಮ್‌ನಲ್ಲಿ ಕಾಣಿಸಿ ಮುಂದಿನದರಲ್ಲಿ ಮಾಯವಾಗಬೇಕು. ಹೆಚ್ಚೆಂದರೆ ಎರಡು.

ಹೊಸಬರು ಎಡವುವುದು ಇಲ್ಲೇ. ಕಷ್ಟಪಟ್ಟು ಹಾಕಿದ ಬೆಂಕಿ ಎಲ್ಲರಿಗೂ ಚೆನ್ನಾಗಿ ಕಾಣಲಿ ಎಂದು ಐದಾರು ಫ್ರೇಮ್ ಇಡುತ್ತಾರೆ. ಆಗ ಅದು ಗುಂಡಿನಂತಲ್ಲ, ಸಿಗರೇಟ್ ಲೈಟರ್‌ನಂತೆ ಕಾಣುತ್ತದೆ. ಇನ್ನೊಂದು ತಪ್ಪು, ಹತ್ತು ಗುಂಡಿಗೂ ಒಂದೇ ಚಿತ್ರ. ನಿಜದಲ್ಲಿ ಒಂದು ಬೆಂಕಿಯ ಆಕಾರ ಇನ್ನೊಂದಕ್ಕೆ ಇರುವುದಿಲ್ಲ. ಬೇರೆ ಬೇರೆ ಚಿತ್ರ ಇಲ್ಲದಿದ್ದರೆ ಇರುವುದನ್ನೇ ತಿರುಗಿಸಿ, ಮಗುಚಿ, ಗಾತ್ರ ಬದಲಿಸಿ ಬಳಸಬಹುದು.

ಕಪ್ಪು ಮಾಯವಾಗುವ ಗಣಿತ

ಈ ಬೆಂಕಿಯ ತುಣುಕುಗಳನ್ನು ಕಪ್ಪು ಹಿನ್ನೆಲೆಯಲ್ಲಿ ಚಿತ್ರೀಕರಿಸಿ ಮಾರುವವರು, ಉಚಿತವಾಗಿ ಕೊಡುವವರು ಇಬ್ಬರೂ ಇದ್ದಾರೆ. ಆಂಡ್ರ್ಯೂ ಕ್ರೇಮರ್ ಅವರ ‘ವಿಡಿಯೋ ಕೋಪೈಲಟ್’ ತಾಣದ ಪಾಠಗಳನ್ನು ನೋಡಿ ಕಲಿತ ಒಂದು ತಲೆಮಾರೇ ಇದೆ. 2010ರ ಸುಮಾರಿಗೆ ಫ್ರೆಡ್ಡಿ ವಾಂಗ್ ಎಂಬ ಯುವಕ ಇಂಥದ್ದೇ ಗನ್ ಎಫೆಕ್ಟ್‌ಗಳ ಪುಟ್ಟ ವಿಡಿಯೋಗಳಿಂದ ಯೂಟ್ಯೂಬ್‌ನಲ್ಲಿ ಹೆಸರು ಮಾಡಿದರು.

ತುಣುಕನ್ನು ದೃಶ್ಯದ ಮೇಲೆ ಒಂದು ಲೇಯರ್ ಆಗಿ ಇಟ್ಟು ಬ್ಲೆಂಡ್ ಮೋಡ್ ಅನ್ನು ‘ಸ್ಕ್ರೀನ್’ ಅಥವಾ ‘ಆ್ಯಡ್’ ಮಾಡಿದರೆ ಕಪ್ಪು ಹಿನ್ನೆಲೆ ಮಾಯವಾಗಿ ಬೆಂಕಿ ಮಾತ್ರ ಉಳಿಯುತ್ತದೆ. ಇದರಲ್ಲಿ ಜಾದೂ ಏನಿಲ್ಲ. ಕಂಪ್ಯೂಟರ್‌ಗೆ ಕಪ್ಪು ಎಂದರೆ ಸೊನ್ನೆ. ಎರಡು ಚಿತ್ರಗಳ ಬೆಳಕನ್ನು ಕೂಡಿಸುವಾಗ ಸೊನ್ನೆ ಕೂಡಿದ ಕಡೆ ಏನೂ ಬದಲಾಗುವುದಿಲ್ಲ, ಹಳದಿ ಬೆಂಕಿ ಕೂಡಿದ ಕಡೆ ಬೆಳಗುತ್ತದೆ.

ಉಚಿತ ‘ಡಾವಿಂಚಿ ರಿಸಾಲ್ವ್’ನೊಳಗಿನ ಫ್ಯೂಷನ್, ಉಚಿತ ‘ಬ್ಲೆಂಡರ್’, ಹಣ ಕೊಟ್ಟು ಬಳಸುವ ‘ಆಫ್ಟರ್ ಎಫೆಕ್ಟ್ಸ್’, ಯಾವುದಾದರೂ ಸರಿ. ಇವುಗಳಲ್ಲಿ ‘ಟ್ರ್ಯಾಕಿಂಗ್’ ಸೌಲಭ್ಯವೂ ಇದೆ. ಕ್ಯಾಮೆರಾ ಅಲುಗಿದರೂ ಗೋಡೆಯ ಮೇಲಿನ ಗುಂಡಿನ ತೂತು ಗೋಡೆಗೇ ಅಂಟಿಕೊಂಡಿರುವಂತೆ ಇದು ನೋಡಿಕೊಳ್ಳುತ್ತದೆ. ಅದು ಕಷ್ಟವೆನಿಸಿದರೆ ಸುಲಭದ ದಾರಿಯಿದೆ. ಮೊಬೈಲ್ ಅನ್ನು ಟ್ರೈಪಾಡ್ ಮೇಲಿಟ್ಟು, ಎಕ್ಸ್‌ಪೋಷರ್ ಲಾಕ್ ಮಾಡಿ ಚಿತ್ರೀಕರಿಸುವುದು, ಎಫೆಕ್ಟ್ ಎಲ್ಲ ಮುಗಿದ ಮೇಲೆ ಎಡಿಟಿಂಗ್‌ನಲ್ಲಿ ಇಡೀ ಚಿತ್ರವನ್ನು ಒಂದೆರಡು ಫ್ರೇಮ್ ಅಲುಗಾಡಿಸುವುದು.

ನಂಬಿಸುವುದು ಬೆಂಕಿಯಲ್ಲ, ಅದರ ಸುತ್ತಲಿನದು

ಕತ್ತಲ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಿದರೂ ಕೈ, ಮುಖ, ಪಕ್ಕದ ಗೋಡೆ ಬೆಳಗುತ್ತವೆ. ಗುಂಡು ಹಾರಿದಾಗಲೂ ಹಾಗೆಯೇ ಆಗಬೇಕು. ಬೆಂಕಿ ಇರುವ ಅದೇ ಒಂದು ಫ್ರೇಮ್‌ನಲ್ಲಿ ನಟನ ಬೆರಳು, ಕೆನ್ನೆ, ಹತ್ತಿರದ ಗೋಡೆಯನ್ನು ಮಾಸ್ಕ್ ಮಾಡಿ ಹಳದಿ-ಕಿತ್ತಳೆ ಬಣ್ಣದಲ್ಲಿ ಹೊಳಪು ಹೆಚ್ಚಿಸಬೇಕು. ಎರಡು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಬೆಂಕಿ ಚಿತ್ರದ ಮೇಲೆ ಅಂಟಿಸಿದ ಸ್ಟಿಕರ್ ಆಗುತ್ತದೆ. ಹಗಲಿನಲ್ಲಿ ಇದಕ್ಕೆ ವಿರುದ್ಧ. ಸುಡುಬಿಸಿಲಲ್ಲಿ ಬೆಂಕಿ ಮಸುಕಾಗಿಯೇ ಇರಬೇಕು, ಕೆಲವು ಗುಂಡಿಗೆ ಕಾಣದಿದ್ದರೂ ತಪ್ಪಿಲ್ಲ. ಹೊಗೆ ಮತ್ತು ಸದ್ದು ಆ ಕೆಲಸ ಮಾಡುತ್ತವೆ.

ಇನ್ನು ಗನ್‌ನ ವರ್ತನೆ. ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಪ್ರತಿ ಗುಂಡಿಗೂ ಹಿಂದೆ ಸರಿದು ಮುಂದೆ ಬರುತ್ತದೆ, ಖಾಲಿ ತೋಟಾ ಸಾಮಾನ್ಯವಾಗಿ ಬಲಕ್ಕೆ ಚಿಮ್ಮುತ್ತದೆ. ಆಟಿಕೆಯಲ್ಲಿ ಇವೆರಡೂ ಆಗುವುದಿಲ್ಲ. ಆದ್ದರಿಂದ ಸ್ಲೈಡ್ ಭಾಗವನ್ನು ಕತ್ತರಿಸಿ ಒಂದು ಫ್ರೇಮ್ ಮಟ್ಟಿಗೆ ಹಿಂದಕ್ಕೆ ಸರಿಸುತ್ತಾರೆ, ತೋಟಾವನ್ನು ಬೇರೆ ಲೇಯರ್‌ನಲ್ಲಿ ಹಾರಿಸುತ್ತಾರೆ. ಆದರೆ ರಿವಾಲ್ವರ್ ತೋಟಾ ಉಗುಳುವುದಿಲ್ಲ. ರಿವಾಲ್ವರ್‌ನಿಂದ ಖಾಲಿ ತೋಟಾ ಹಾರಿಸಿ ಕಮೆಂಟ್‌ಗಳಲ್ಲಿ ನಗೆಪಾಟಲಾದವರು ಬಹಳ.

ಎಲ್ಲಕ್ಕಿಂತ ಮುಖ್ಯ ನಟನೆ. ಪ್ಲಾಸ್ಟಿಕ್ ಗನ್‌ಗೆ ಭಾರವಿಲ್ಲ, ಒದೆತವೂ ಇಲ್ಲ. ಮಣಿಕಟ್ಟು, ಭುಜ, ಕಣ್ಣಿನ ರೆಪ್ಪೆ ಇವು ಆ ಒದೆತವನ್ನು ಅಭಿನಯಿಸಬೇಕು. ಬೆಂಕಿ ಇರುವುದು ಒಂದು ಫ್ರೇಮ್, ಆ ಸೆಕೆಂಡಿನ ಉಳಿದ 24 ಫ್ರೇಮ್ ನಟನದ್ದು. ಅದನ್ನು ಯಾವ ಸಾಫ್ಟ್‌ವೇರ್ ಕೂಡ ಸರಿಪಡಿಸಿಕೊಡುವುದಿಲ್ಲ.

ರಕ್ತಕ್ಕೆ ಬೇರೆ ಲೆಕ್ಕ

ಬೆಂಕಿಗೆ ಬಳಸಿದ ‘ಸ್ಕ್ರೀನ್’ ಮೋಡ್ ಅನ್ನೇ ರಕ್ತಕ್ಕೆ ಬಳಸಿದರೆ ಅದು ಗುಲಾಬಿ ಬಣ್ಣದ ಟ್ಯೂಬ್‌ಲೈಟ್‌ನಂತೆ ಹೊಳೆಯುತ್ತದೆ. ಬೆಂಕಿ ಬೆಳಕು ಕೊಡುವ ವಸ್ತು, ರಕ್ತ ಬೆಳಕನ್ನು ಹೀರುವ ವಸ್ತು. ಹಾಗಾಗಿ ಬಿಳಿ ಹಿನ್ನೆಲೆಯ ತುಣುಕಾದರೆ ‘ಮಲ್ಟಿಪ್ಲೈ’ ಮೋಡ್, ಇಲ್ಲದಿದ್ದರೆ ಹಿನ್ನೆಲೆಯನ್ನು ಪೂರ್ತಿ ತೆಗೆದ ತುಣುಕು ಬೇಕು. ಬಣ್ಣ ಕಣ್ಣಿಗೆ ಹೊಡೆಯುವ ಕೆಂಪಾಗದೆ, ಆ ದೃಶ್ಯದ ನೆರಳುಗಳಿಗೆ ಹೊಂದುವಷ್ಟು ಗಾಢವಾಗಿರಬೇಕು.

ಹಿಂದೆ ಇದಕ್ಕೆ ‘ಸ್ಕ್ವಿಬ್’ ಬಳಸುತ್ತಿದ್ದರು. ಬಟ್ಟೆಯೊಳಗೆ ಬಣ್ಣದ ಚೀಲ, ಅದನ್ನು ಒಡೆಯಲು ಸಣ್ಣ ಸ್ಫೋಟಕ. ಇದು ತರಬೇತಿ ಪಡೆದ ತಂತ್ರಜ್ಞರ ಕೆಲಸ, ಮನೆಯಲ್ಲಿ ಪಟಾಕಿ ಮದ್ದಿನಿಂದ ಪ್ರಯತ್ನಿಸುವ ವಿಷಯವೇ ಅಲ್ಲ. ಡೇವಿಡ್ ಫಿಂಚರ್ ಅವರಂಥ ನಿರ್ದೇಶಕರೇ 2007ರ ‘ಝೋಡಿಯಾಕ್’ನಲ್ಲಿ ಕಂಪ್ಯೂಟರ್ ರಕ್ತ ಬಳಸಿದರು. ಪ್ರತಿ ಟೇಕ್‌ಗೂ ಬಟ್ಟೆ ಬದಲಿಸಿ, ನೆಲ ತೊಳೆದು ಕಾಯುವ ಗೋಳು ಅದರಿಂದ ತಪ್ಪುತ್ತದೆ.

ಆದರೆ ಡಿಜಿಟಲ್ ರಕ್ತದ ದೊಡ್ಡ ದೋಷವೆಂದರೆ ಅದು ಚಿಮ್ಮುತ್ತದೆ, ಎಲ್ಲಿಯೂ ಬೀಳುವುದಿಲ್ಲ. ಗಾಳಿಯಲ್ಲಿ ಹಾರಿದ ಹನಿ ನೆಲ ಮುಟ್ಟುವ ಮೊದಲೇ ಮಾಯ, ಮುಂದಿನ ಶಾಟ್‌ನಲ್ಲಿ ಅಂಗಿ ಒಗೆದಿಟ್ಟಂತೆ ಶುಭ್ರ. ಇದಕ್ಕೆ ಪರಿಹಾರ ಎರಡನ್ನೂ ಬೆರೆಸುವುದು. ಚಿಮ್ಮುವ ಕ್ಷಣ ಮಾತ್ರ ಕಂಪ್ಯೂಟರ್‌ನದ್ದು, ನಂತರದ ಶಾಟ್‌ನಲ್ಲಿ ಅಂಗಿ, ಬೆರಳು, ನೆಲದ ಮೇಲೆ ಕೈಯಾರೆ ಮಾಡಿದ ರಕ್ತ. ಸಕ್ಕರೆ ಪಾಕ, ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ ಸಾಕು. ಕುಂಕುಮದ ನೀರು ತೆಳ್ಳಗೆ ಹರಿದುಬಿಡುತ್ತದೆ, ಪಾಕ ನಿಧಾನವಾಗಿ ಇಳಿಯುತ್ತದೆ. ಕಪ್ಪು-ಬಿಳುಪಿನ ‘ಸೈಕೋ’ದಲ್ಲಿ ಹಿಚ್‌ಕಾಕ್ ಬಳಸಿದ್ದು ಚಾಕೊಲೇಟ್ ಸಿರಪ್.

ಅರ್ಧ ಕೆಲಸ ಕಿವಿಯದ್ದು

ಚಿತ್ರಕ್ಕೆ ವಾರಗಟ್ಟಲೆ ದುಡಿದು ಸದ್ದಿಗೆ ಐದು ನಿಮಿಷ ಕೊಡುವವರೇ ಹೆಚ್ಚು. ಒಂದು ಗುಂಡಿನ ಸದ್ದಿನಲ್ಲಿ ಕನಿಷ್ಠ ಮೂರು ಪದರ ಇರಬೇಕು: ಮೊದಲ ಚಟೀರ್, ಅದರ ಹಿಂದಿನ ಗುಡುಗು, ಕೊನೆಗೆ ಪ್ರತಿಧ್ವನಿ. ಸಣ್ಣ ಕೋಣೆಯ ಪ್ರತಿಧ್ವನಿ ಬೇರೆ, ಬಯಲಿನದು ಬೇರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 100 ಮೀಟರ್ ದೂರದ ಗುಂಡಿನ ಬೆಂಕಿ ಕಂಡ ಮೇಲೆ ಸದ್ದನ್ನು ಏಳು ಫ್ರೇಮ್ ತಡವಾಗಿಸಿದರೆ ಆ ದೂರ ನೋಡುಗರ ಅನುಭವಕ್ಕೆ ಬರುತ್ತದೆ. ಗುಂಡಿನ ನಂತರ ಒಂದು ಕ್ಷಣ ಮೌನ, ಆಮೇಲೆ ಕಾಗೆಗಳು ಗಾಬರಿಯಿಂದ ಹಾರುವ ಸದ್ದು ಸೇರಿಸಿದರೆ ಮತ್ತೊಂದು ಗುಂಡಿಗಿಂತ ಹೆಚ್ಚು ಪರಿಣಾಮ.

ಉಗಾಂಡದ ಗಲ್ಲಿಯ ಪಾಠ

ಹಣವಿಲ್ಲ ಎನ್ನುವವರಿಗೆ ಉಗಾಂಡದ ಐಸಾಕ್ ನಬ್ವಾನಾ ಉದಾಹರಣೆ. ರಾಜಧಾನಿ ಕಂಪಾಲಾದ ವಕಾಲಿಗಾ ಎಂಬ ಬಡ ಬಡಾವಣೆಯಲ್ಲಿ, ಬಿಡಿಭಾಗಗಳಿಂದ ತಾವೇ ಜೋಡಿಸಿದ ಕಂಪ್ಯೂಟರ್‌ನಲ್ಲಿ, ಗುಜರಿ ಲೋಹದಿಂದ ಬೆಸೆದ ಗನ್‌ಗಳನ್ನು ಹಿಡಿದ ನೆರೆಹೊರೆಯವರೊಂದಿಗೆ ಅವರು ‘ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್?’ ಮಾಡಿದರು. ಖರ್ಚು 200 ಡಾಲರ್ ಎಂಬ ಮಾತು ಪ್ರಸಿದ್ಧ. 2010ರಲ್ಲಿ ಯೂಟ್ಯೂಬ್‌ಗೆ ಬಂದ ಅದರ ಟ್ರೈಲರ್ ಜಗತ್ತಿನಾದ್ಯಂತ ಹರಿದಾಡಿತು. ಅಲ್ಲಿನ ಬೆಂಕಿ, ರಕ್ತ, ಹೆಲಿಕಾಪ್ಟರ್ ಯಾವುದೂ ನಿಜದಂತೆ ಕಾಣುವುದಿಲ್ಲ. ಆದರೂ ಜನ ನೋಡುತ್ತಾರೆ. ಪ್ರತಿಯೊಬ್ಬ ನಟನೂ ಗುಂಡು ನಿಜವಾಗಿ ತಗುಲಿದವನಂತೆಯೇ ಪೂರ್ತಿ ಮೈಬಿಟ್ಟು ಬೀಳುತ್ತಾನೆ.

ಬೀದಿಯಲ್ಲಿ ಗನ್ ಹಿಡಿಯುವ ಮುನ್ನ

ಎಫೆಕ್ಟ್ ಕಂಪ್ಯೂಟರ್‌ನಲ್ಲಿ ಹುಟ್ಟಿದರೂ ಚಿತ್ರೀಕರಣ ನಡೆಯುವುದು ನಿಜವಾದ ಬೀದಿಯಲ್ಲಿ. ದೂರದಿಂದ ನೋಡುವವರಿಗೆ ಕ್ಯಾಮೆರಾ ಕಾಣುವುದಿಲ್ಲ, ಆಯುಧ ಕಾಣುತ್ತದೆ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ ಬಿಗ್ ಬಾಸ್ ಕನ್ನಡದ ಇಬ್ಬರು ಮಾಜಿ ಸ್ಪರ್ಧಿಗಳ ಮೇಲೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಿ ಬಂಧನವೂ ಆಯಿತು. ಮಚ್ಚು ನಿಜವಾದದ್ದೋ ಫೈಬರ್‌ನದ್ದೋ ಎಂಬುದೇ ತನಿಖೆಯ ವಿಷಯವಾಯಿತು. ಆಟಿಕೆಯನ್ನು ಗುಂಡು ಹಾರಿಸುವಂತೆ ಮಾರ್ಪಡಿಸುವುದಂತೂ ಪರವಾನಗಿ ಇಲ್ಲದಿದ್ದರೆ 1959ರ ಇದೇ ಕಾಯ್ದೆಯಡಿ ಅಪರಾಧ.

ಹೀಗಾಗಿ ಅನುಭವಿ ತಂಡಗಳು ಕೆಲವು ನಿಯಮ ಪಾಲಿಸುತ್ತವೆ:

• ಚಿತ್ರೀಕರಣದ ದಿನ, ಜಾಗ, ಆಟಿಕೆ ಬಳಕೆಯ ಬಗ್ಗೆ ಸ್ಥಳೀಯ ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸುವುದು, ನೆರೆಯವರಿಗೂ ಹೇಳುವುದು.

• ಟೇಕ್‌ಗಳ ನಡುವೆ ಆಟಿಕೆ ಚೀಲದೊಳಗೆ ಇರುವುದು, ಅದರ ಜವಾಬ್ದಾರಿ ಒಬ್ಬರಿಗೆ ಮಾತ್ರ.

• ಆಟಿಕೆಯ ಕಿತ್ತಳೆ ತುದಿಗೆ ಕಪ್ಪು ಬಣ್ಣ ಬಳಿಯದಿರುವುದು. ಬಣ್ಣವನ್ನು ಕಂಪ್ಯೂಟರ್‌ನಲ್ಲೇ ಬದಲಿಸಬಹುದು. ಬೀದಿಯಲ್ಲಿ ಅದು ಆಟಿಕೆಯಂತೆಯೇ ಕಾಣುವುದು ಒಳ್ಳೆಯದು.

• ಆಟಿಕೆಯಾದರೂ ನೇರ ಮುಖಕ್ಕೆ ಗುರಿಯಿಡದಿರುವುದು. ಕ್ಯಾಮೆರಾ ಕೋನ ಸರಿಯಿದ್ದರೆ ಪಕ್ಕಕ್ಕೆ ಗುರಿಯಿಟ್ಟರೂ ನೇರವಾಗಿ ಕಾಣುತ್ತದೆ.

ಮೊದಲ ಪ್ರಯತ್ನಕ್ಕೆ ಯುದ್ಧವೇ ಬೇಕಿಲ್ಲ. ಒಂದು ಕೋಣೆ, ಇಬ್ಬರು ನಟರು, ಒಂದೇ ಗುಂಡು. ಬೆಂಕಿ ಒಂದು ಫ್ರೇಮ್, ಗೋಡೆಯ ಮೇಲೆ ಅದರ ಬೆಳಕು, ಸರಿಯಾದ ಸದ್ದು, ಆಮೇಲೆ ಗುಂಡು ಹಾರಿಸಿದವನ ಮುಖ. ಇಷ್ಟು ನಂಬುವಂತಾದರೆ ಎರಡನೆಯ ಗುಂಡಿನ ಬಗ್ಗೆ ಯೋಚಿಸಬಹುದು. ಪ್ಯಾಕ್ ಅಪ್ ಹೇಳಿದಾಗ ಬಿದ್ದವನು ಎದ್ದು ಬಟ್ಟೆ ಕೊಡವಿಕೊಂಡು ಮನೆಗೆ ಹೋಗಬೇಕು. ಈ ಎಲ್ಲ ಕಸರತ್ತು ಅದಕ್ಕಾಗಿಯೇ.