ರೈಟ್ ಆಫ್ ಅಂದರೆ ಸಾಲಮನ್ನಾ ಅಲ್ಲ

‘ಅಜ್ಜಾ, ಬ್ಯಾಂಕಿನವರು ಸಾಲ ರೈಟ್ ಆಫ್ ಮಾಡ್ಯಾರಂತ ಪೇಪರಿನ್ಯಾಗ ಬಂದೈತಿ. ರೈಟ್ ಅಂದ್ರ ಬರೆಯೋದು, ಆಫ್ ಅಂದ್ರ ಬಂದ್. ಬರೆಯೋದು ಬಂದ್ ಮಾಡ್ಯಾರೇನು?’

ಏಳನೇ ತರಗತಿಯ ಮೊಮ್ಮಗಳ ಪ್ರಶ್ನೆಗೆ ನಕ್ಕೆ. ಆದರೆ ಇದೇ ಎರಡು ಶಬ್ದ ಒಮ್ಮೆ ನಾನು ತಲೆತಗ್ಗಿಸುವಂತೆ ಮಾಡಿದ್ದವು.

ಮಕ್ಕಳೇ, ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಆಫ್, ಅಪ್, ಔಟ್‌ನಂಥ ಪುಟ್ಟ ಶಬ್ದ ಸೇರಿದರೆ ಅರ್ಥವೇ ಬದಲಾಗಬಹುದು. ಅದಕ್ಕೆ ಫ್ರೇಸಲ್ ವರ್ಬ್ ಎನ್ನುತ್ತಾರೆ. ವಸೂಲಾಗದ ಸಾಲವನ್ನು ಬ್ಯಾಂಕು ನಷ್ಟವೆಂದು ಬರೆದು, ತನ್ನ ಆಸ್ತಿಯ ಲೆಕ್ಕದಿಂದ ತೆಗೆಯುವುದೇ ರೈಟ್ ಆಫ್. ಇದು ಬ್ಯಾಂಕಿನ ಒಳಗಿನ ಲೆಕ್ಕ. ಸಾಲಗಾರನ ಋಣ ಹಾಗೆಯೇ ಇರುತ್ತದೆ, ವಸೂಲಿಯೂ ನಡೆಯುತ್ತದೆ. ಸಾಲಮನ್ನಾ ಬೇರೆ. 2008ರ ಕೇಂದ್ರ ಯೋಜನೆಯಲ್ಲಿ ಸಣ್ಣ ರೈತರ ಅರ್ಹ ಸುಸ್ತಿಸಾಲ ಪೂರ್ತಿ ಮನ್ನಾ ಆಯಿತು. ಆ ಹಣವನ್ನು ಸರಕಾರ ಬ್ಯಾಂಕುಗಳಿಗೆ ತುಂಬಿಕೊಟ್ಟಿತು.

ನಾನು ಲಕ್ಷ್ಮೇಶ್ವರದ ಶಾಖೆಯೊಂದರಲ್ಲಿ ಗುಮಾಸ್ತನಾಗಿದ್ದಾಗ ಶಿರಹಟ್ಟಿ ಕಡೆಯ ರೈತರೊಬ್ಬರು ತಮ್ಮ ಸಾಲದ ಬಗ್ಗೆ ಕೇಳಿದರು. ಲೆಡ್ಜರ್ ನೋಡಿ, ‘ರೈಟ್ ಆಫ್ ಆಗೇತ್ರಿ’ ಎಂದುಬಿಟ್ಟೆ. ಅವರು ಊರಿಗೆ ಹೋಗಿ ಸಕ್ಕರೆ ಹಂಚಿದರಂತೆ. ಕೆಲವು ತಿಂಗಳಿಗೆ ವಸೂಲಿ ನೋಟಿಸು ಮುಟ್ಟಿತು.

‘ಸಾಹೇಬ್ರ, ಸಾಲ ಹೋತಂತ ನೀವ ಹೇಳಿದ್ರಲ್ರಿ?’

ನನ್ನ ಬಾಯಲ್ಲಿ ಮಾತೇ ಇರಲಿಲ್ಲ. ಮ್ಯಾನೇಜರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಕಂತು ಮಾಡಿಕೊಟ್ಟರು. ಎರಡು ಸುಗ್ಗಿಯಲ್ಲಿ ಸಾಲ ತೀರಿತು. ಬೇಬಾಕಿ ಪತ್ರ ಒಯ್ಯಲು ಬಂದ ದಿನ ಆ ರೈತರು ಒಂದು ಚೀಲ ಶೇಂಗಾ ಇಟ್ಟು, ‘ಇನ್ನ ಮ್ಯಾಲೆ ಹೇಳೂದಿದ್ರ ಕನ್ನಡದಾಗ ಹೇಳ್ರಿ’ ಎಂದರು. ಅಂದಿನಿಂದ ಹಾಗೇ ಹೇಳಿದೆ.

ಈ ಮಾತನ್ನು ಮನುಷ್ಯರಿಗೂ ಬಳಸುತ್ತಾರೆ. ‘ಇವನಿಂದ ಏನೂ ಆಗದು’ ಎಂದು ಎಳ್ಳುನೀರು ಬಿಡುವುದೂ ರೈಟ್ ಆಫ್. ಹಾಗೆ ಮಾಡಬಾರದು ಎಂಬುದಕ್ಕೆ ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಲೋಕ ಕೈಬಿಟ್ಟ ಅಂಧ ಮಕ್ಕಳಿಗೆ ಅಲ್ಲಿ ಸಂಗೀತ ಕಲಿಸಿ ಬಾಳು ಕೊಟ್ಟವರು ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು. ಆ ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ.

ಒಂದು ನಿಯಮ ನೆನಪಿರಲಿ: ಇಟ್, ಮೀ, ಹಿಮ್‌ನಂಥ ಸರ್ವನಾಮ ನಡುವೆ ಬರಬೇಕು. ‘ರೈಟ್ ಇಟ್ ಆಫ್’ ಸರಿ, ‘ರೈಟ್ ಆಫ್ ಇಟ್’ ತಪ್ಪು.

ಎಲ್ಲ ಕೇಳಿದ ಮೊಮ್ಮಗಳು ಚೀಲದಿಂದ ಗಣಿತದ ಉತ್ತರಪತ್ರಿಕೆ ತೆಗೆದಳು. ನೂರಕ್ಕೆ ಇಪ್ಪತ್ತೆಂಟು.

‘ಡೋಂಟ್ ರೈಟ್ ಮೀ ಆಫ್, ಅಜ್ಜಾ!’

ವ್ಯಾಕರಣ ಸರಿ ಇತ್ತು. ಕನ್ನಡಕ ಹಾಕಿಕೊಂಡು ಮೊದಲನೆಯ ಲೆಕ್ಕ ತೆಗೆದೆ.