ಕಪ್ಪು ಕಾರಿಗೆ ಗೀರು ಬೀಳೋದು ಒರೆಸುವಾಗ

ತೋಟದ ದಾರಿಯಲ್ಲಿ ಓಡಾಡುವ ಕಪ್ಪು ಕಾರನ್ನು ಬಿಸಿಲಲ್ಲಿ ನೋಡಿ, ಬಾನೆಟ್ ಮೇಲೆ ಜೇಡರ ಬಲೆಯಂಥ ಗೀರುಗಳು ಕಾಣ್ತವೆ. ಒಣಬಟ್ಟೆಯಲ್ಲಿ ಧೂಳು ಒರೆಸುವ ಅಭ್ಯಾಸವೇ ಇದಕ್ಕೆ ಮುಖ್ಯ ಕಾರಣ. ಧೂಳಿನಲ್ಲಿರುವ ಮರಳಿನ ಕಣ ಬಣ್ಣದ ಮೇಲಿನ ಕ್ಲಿಯರ್ ಕೋಟ್‌ಗಿಂತ ಗಟ್ಟಿ. ಗೀರು ಎಲ್ಲ ಕಾರಿಗೂ ಬೀಳುತ್ತೆ, ಕಪ್ಪಿನಲ್ಲಿ ಎದ್ದು ಕಾಣುತ್ತೆ.

ತಡೆಯೋದು ಹೇಗೆ?
ನಾನು ಕಾರನ್ನು ನೆರಳಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾದ ಮೇಲೆ ತೊಳೀತೀನಿ. ಮೊದಲು ಪೈಪ್ ನೀರು ಬಿಟ್ಟು ಮಣ್ಣು ಇಳಿಸಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಮೈಕ್ರೋಫೈಬರ್ ಬಟ್ಟೆಯಲ್ಲಿ ಮೇಲಿಂದ ಕೆಳಗೆ ಹಗುರವಾಗಿ ತೊಳೆಯಿರಿ. ಬಟ್ಟೆ ನೆಲಕ್ಕೆ ಬಿದ್ದರೆ ಬೇರೆ ತಗೊಳ್ಳಿ. ಬೋರ್‌ವೆಲ್‌ನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತೆ. ತಕ್ಷಣ ಒಣ ಮೈಕ್ರೋಫೈಬರ್ ಹಾಸಿ ನೀರು ಹೀರಿಸಿ.

ಬಿದ್ದ ಗೀರಿಗೆ?
ಗೀರಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಪೇಂಟರ್ ಹತ್ತಿರ ತೋರಿಸಿ. ಇಲ್ಲದಿದ್ದರೆ ಕಾರು ತೊಳೆದು ಒಣಗಿಸಿ, ಫೋಮ್ ಪ್ಯಾಡ್‌ನಲ್ಲಿ ಫೈನ್ ಪಾಲಿಶ್ ಹಚ್ಚಿ ಉಜ್ಜಿ. ಮೊದಲು ಅಂಗೈ ಅಗಲದ ಜಾಗದಲ್ಲಿ ಮಾಡಿ ನೋಡಿ. ಕೊನೆಗೆ ವ್ಯಾಕ್ಸ್ ಹಚ್ಚಿ.

ಪಾಲಿಶ್ ಗೀರನ್ನು ತುಂಬಲ್ಲ, ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸುತ್ತೆ. ಅದು ಇರೋದೇ ಸುಮಾರು 40–50 ಮೈಕ್ರಾನ್. ಪದೇ ಪದೇ ಪಾಲಿಶ್ ಮಾಡಿದರೆ ಅದೂ ಮುಗಿಯುತ್ತೆ. ಆಮೇಲೆ ಉಳಿಯೋ ದಾರಿ ಹೊಸ ಪೇಂಟ್ ಒಂದೇ. ಅದಕ್ಕೇ ಒಣಬಟ್ಟೆಯನ್ನು ಇವತ್ತೇ ಕಾರಿನಿಂದ ತೆಗೆದುಬಿಡಿ.